ಮಲ್ಲಿಗೆಯ ಬುಡಕ್ಕೆ ಕರೆಂಟು ಕೊಟ್ಟ ಕತೆ

ಮನೆಯ ಯಾವ ಯಂತ್ರವೂ ನನ್ನ ಕೈಯಲ್ಲಿ ರಿಪೇರಿಯಾದದ್ದಿಲ್ಲ, ಒಪ್ಪುತ್ತೇನೆ. ಆದರೆ ಮಣ್ಣಿಗೆ ಕರೆಂಟು ಹರಿಸಿ, ಒಳಗೆ ನೀರು ಎತ್ತ ಹೋಗುತ್ತಿದೆ ಎಂದು ಚಿತ್ರ ತೆಗೆಯುವ ಯಂತ್ರದ ವಿಷಯದಲ್ಲಿ ನನ್ನನ್ನು ಯಾರೂ ಕೆಣಕಬಾರದು. ತುರ್ಭೆಯ ಮಣ್ಣು ಪರೀಕ್ಷೆಯ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಆ ಯಂತ್ರವನ್ನು ಇಂಜಿನಿಯರುಗಳ ಕೈಗೆ ಕೊಟ್ಟು, ಸಂಜೆ ವಾಪಸು ತೆಗೆದುಕೊಂಡವನು ನಾನು. ಸ್ಟೋರ್ ಕೀಪರ್ ಎಂದರೆ ಸಾಮಾನ್ಯವೇ!

ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಗಳ ಪಕ್ಕದ ವಸತಿ ಸೊಸೈಟಿಯಲ್ಲಿ ನಮ್ಮದು ಮೊದಲ ಮಹಡಿ. ನಮ್ಮ ಕೆಳಗೇ ಇರುವ, ಎಲ್ಲರೂ ಕಾಕು ಅಂದರೆ ಚಿಕ್ಕಮ್ಮ ಎಂದು ಕರೆಯುವ ಜೋಶಿ ಕಾಕು ಮನೆಯ ಗೋಡೆ ಒದ್ದೆಯಾಗತೊಡಗಿತು. ಆ ಗೋಡೆಯ ಹೊರಗೆ ನನ್ನ ಹೆಂಡತಿ ಸುಮತಿ ತವರಿನಿಂದ ತಂದು ನೆಟ್ಟ ಉಡುಪಿ ಮಲ್ಲಿಗೆ ಇದೆ. ದಿನಾ ನೀರು ಹಾಕುವುದರಿಂದಲೇ ಗೋಡೆ ಹಾಳಾಯಿತು, ಭಾನುವಾರದ ಮೀಟಿಂಗಿನಲ್ಲಿ ಗಿಡ ಕೀಳಿಸುವ ಠರಾವು ಮಾಡುತ್ತೇವೆ ಎಂದರು ಸೆಕ್ರೆಟರಿ. ಹತ್ತು ವರ್ಷದ ಗಿಡ! ಸುಮತಿ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

"ನೀರು ಕಮ್ಮಿ ಹಾಕ್ತೇವೆ ಅಂತ ಹೇಳಿ ಮುಗಿಸುವ ಮಾರಾಯ್ರೇ" ಎಂದಳು.

"ತಪ್ಪು ಮಾಡದೆ ತಪ್ಪು ಒಪ್ಪುವುದಾ? ಆಗ್ಲಿಕ್ಕಿಲ್ಲ! ಮಣ್ಣೇ ಸಾಕ್ಷಿ ಹೇಳ್ತದೆ, ನೋಡು!"

ಶನಿವಾರ ಕಂಪನಿಯ ಸಾಹೇಬರನ್ನು ಕೇಳಿ ಹಳೆಯ ಯಂತ್ರವೊಂದನ್ನು ಮನೆಗೆ ತಂದೆ. ಗಿಡದಿಂದ ಗೋಡೆಯವರೆಗೆ ಸಾಲಾಗಿ ಸ್ಟೀಲ್ ಸರಳುಗಳನ್ನು ಹೊಡೆದು ವಯರ್ ಸಿಕ್ಕಿಸಿದೆ. ಒಣ ಮಣ್ಣು ಕರೆಂಟನ್ನು ತಡೆಯುತ್ತದೆ, ಒದ್ದೆ ಮಣ್ಣು ಬಿಟ್ಟುಕೊಡುತ್ತದೆ. ಕಂಪ್ಯೂಟರು ಒಣಗಿದ್ದನ್ನು ಕೆಂಪಾಗಿ, ಒದ್ದೆಯನ್ನು ನೀಲಿಯಾಗಿ ತೋರಿಸುತ್ತದೆ. ಇಷ್ಟೇ ವಿಜ್ಞಾನ. ಕಂಪ್ಯೂಟರಿನ ಮುಂದೆ ಮಗಳು ಶ್ರೇಯಾಳನ್ನು ಕೂರಿಸಿದೆ.

"ಶಾಕ್ ಬಸಣಾರ ನಾಹೀ ನಾ, ಶೆಟ್ಟಿ?" ಎಂದು ಜೋಶಿ ಕಾಕು ಕಿಟಕಿಯಿಂದ ಕೇಳಿದರು. ಶಾಕ್ ಹೊಡೆಯುವುದಿಲ್ಲ, ಸತ್ಯ ಮಾತ್ರ ಹೊಡೆಯುತ್ತದೆ ಎಂದೆ. ಎಂಥ ಮಾತು ಆಡಿದೆನೋ!

ನೀರಿನ ದಾರಿ ಸ್ಪಷ್ಟವಾಗಿ ಕಾಣಲು ಇಂಜಿನಿಯರುಗಳು ಬಕೆಟಿಗೆ ಒಂದು ಚಮಚ ಉಪ್ಪು ಬೆರೆಸುತ್ತಾರೆ. ಉಪ್ಪುನೀರಿನಲ್ಲಿ ಕರೆಂಟು ಸರಾಗವಾಗಿ ಹರಿಯುತ್ತದಲ್ಲ. ಆದರೆ ಉಪ್ಪನ್ನು ಚಮಚದಲ್ಲಿ ಅಳೆಯುವ ಊರು ನಮ್ಮದಲ್ಲ. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟ ಎರಡು ಭರಣಿಗಳು ಅಡುಗೆಮನೆಯಲ್ಲೇ ಇದ್ದವು. ವರ್ಷವಿಡೀ ಕೆಡದಂತೆ ಕಾಯುವ ಉಪ್ಪುನೀರು! ಸುಮತಿ ಪೇಟೆಗೆ ಹೋದ ಹೊತ್ತಿನಲ್ಲಿ ಅಷ್ಟನ್ನೂ ಬಸಿದು ಬಕೆಟಿಗೆ ಸುರಿದು, ಮಲ್ಲಿಗೆಯ ಬುಡಕ್ಕೆ ಹೊಯ್ದೆ.

"ಕ್ಯಾ ಬಾತ್ ಹೈ ಪಪ್ಪಾ, ಏಕ್‌ದಮ್ ಕ್ಲಿಯರ್!" ಎಂದಳು ಶ್ರೇಯಾ. ಅರ್ಧ ಗಂಟೆಗೊಂದು ಚಿತ್ರ ತೆಗೆದೆವು. ನೀಲಿ ಬಣ್ಣ ಗಿಡದ ಬುಡದಿಂದ ಇಳಿದು ಗಟಾರದ ಕಡೆ ಹೋಯಿತೇ ಹೊರತು ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ. ಮಲ್ಲಿಗೆ ನಿರಪರಾಧಿ! ನನಗೆ ಕುಣಿಯುವಷ್ಟು ಖುಷಿಯಾಯಿತು.

ಮೀಟಿಂಗಿನಲ್ಲಿ ಚಿತ್ರಗಳನ್ನು ತೋರಿಸುತ್ತ ನಾನು ಮಾಡಿದ ಭಾಷಣವನ್ನು ಇಡೀ ಸೊಸೈಟಿ ಬಾಯಿ ಬಿಟ್ಟು ಕೇಳಿತು. ಗಿಡ ಕೀಳಕೂಡದು ಎಂದು ಅಲ್ಲೇ ಠರಾವಾಯಿತು. ಸುಮತಿ ನನ್ನನ್ನು ನೋಡಿ ನಕ್ಕಳು. ಅಷ್ಟರಲ್ಲಿ ಸೆಕ್ರೆಟರಿ, "ಗೋಡೆಯ ಹತ್ತಿರ ಇನ್ನೊಂದು ನೀಲಿ ಕಲೆ ಉಂಟಲ್ಲ, ಅದು ಯಾವುದು?" ಎಂದು ಹಿಂದಿಯಲ್ಲಿ ಕೇಳಿದರು.

"ಅಂಕಲ್, ವೋ ತೋ ಊಪರ್ ಸೇ ಆ ರಹಾ ಹೈ" ಎಂದಳು ನನ್ನ ಮಗಳು. "ಹಮಾರಾ ವಾಷಿಂಗ್ ಮಷೀನ್ ಚಲಾ, ತಬ್ ವೋ ಬಢ್ ಗಯಾ."

ಆ ನೀರು ಮೇಲಿನಿಂದ ಬರುತ್ತಿದೆಯಂತೆ, ನಮ್ಮ ವಾಷಿಂಗ್ ಮಷೀನ್ ಓಡಿದಾಗ ಕಲೆ ದೊಡ್ಡದಾಯಿತಂತೆ! ಜೋಶಿ ಕಾಕುವಿನ ಮೇಲೆ ಇರುವವರು ನಾವೇ. ಸೋರುತ್ತಿದ್ದದ್ದು ನಮ್ಮದೇ ಪೈಪು! ನಮ್ಮ ಬಾತ್‌ರೂಮು ಒಡೆಯಬೇಕೆಂದು ಎರಡನೆಯ ಠರಾವಾಯಿತು. ಆಗಲಿ, ಒಡೆಯಿರಿ ಎಂದೆ. ಟೈಲ್ಸು ಹೋದರೆ ಹೋಗಲಿ, ಮಲ್ಲಿಗೆ ಉಳಿಯಿತಲ್ಲ!

ಐದನೆಯ ದಿನ ಮಲ್ಲಿಗೆಯ ಎಲೆಗಳ ಅಂಚು ಕಂದಿತು. ಎಂಟನೆಯ ದಿನ ಮೊಗ್ಗು ಸಮೇತ ಎಲೆಗಳೆಲ್ಲ ಉದುರಿದವು. ಸುಮತಿ ಒಂದು ಕಡ್ಡಿ ಮುರಿದು ನೋಡಿದಳು. ಒಳಗೆ ಒಂದಿಷ್ಟೂ ಹಸಿರಿರಲಿಲ್ಲ. ಅಷ್ಟರೊಳಗೆ ಅವಳು ಉಪ್ಪುನೀರು ಬತ್ತಿದ ಭರಣಿಗಳನ್ನೂ ನೋಡಿಯಾಗಿತ್ತು.

"ಅವರು ಕಿತ್ತಿದ್ರೆ ಒಂದು ಗೆಲ್ಲಾದ್ರೂ ಮುರಿದು ಬೇರೆ ಕಡೆ ನೆಡ್ಬಹುದಿತ್ತು" ಎಂದಳು. ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಗೆಲ್ಲುತ್ತಿದ್ದೆ. ನನಗೆ ನಿಜವಾಗಿ ಸಂಕಟವಾಯಿತು.

ಆದರೂ ಹೇಳುತ್ತೇನೆ, ನನ್ನ ಪರೀಕ್ಷೆಯಲ್ಲಿ ತಪ್ಪಿರಲಿಲ್ಲ! ಈಗ ದಿನಾ ಸಂಜೆ ಸ್ಟೇಷನ್ನಿನ ಹೊರಗೆ ಮುಡಿಯುವ ಮಲ್ಲಿಗೆಯ ಗಜ್ರಾ ಕೊಳ್ಳುತ್ತೇನೆ, ಅಷ್ಟೇ. ಇದು ಪ್ರಾಯಶ್ಚಿತ್ತವೇನೂ ಅಲ್ಲ, ಹೆಂಡತಿಗೆ ಹೂ ಇಷ್ಟ ಅಂತ ಒಯ್ಯುತ್ತಿದ್ದೇನೆ ಎಂದು ಹೂವಿನವಳಿಗೂ ತಿಳಿಸಿ ಹೇಳಿದೆ.

ಎಲ್ಲ ಗಂಡಂದಿರೂ ಹೀಗೇ ಹೇಳುತ್ತಾರೆ ಎಂದು ಅವಳು ಮರಾಠಿಯಲ್ಲಿ ಹೇಳಿ, ಇವತ್ತು ಒಂದು ಸಾಕೋ ಎರಡು ಬೇಕೋ ಎಂದು ಕೇಳಿದಳು.

ಎರಡು ತೆಗೆದುಕೊಂಡೆ.