ಪೂಜೆಗಿಟ್ಟ ರೈಲು ಕಾರ್ಡು

ಒಂದು ಮಾತು ಕೇಳುತ್ತೇನೆ, ಮುನಿಸಿಕೊಳ್ಳಬಾರದು: ನಿಮ್ಮ ಮನೆಯವರಿಗೆ ನಿಮ್ಮ ಮೇಲೆ ನಂಬಿಕೆ ಹೆಚ್ಚೋ, ಒಂದು ಪ್ಲಾಸ್ಟಿಕ್ ತುಂಡಿನ ಮೇಲೋ? ನಮ್ಮ ಮನೆಯಲ್ಲಿ ಇದು ಇತ್ಯರ್ಥವಾಗಿ ಎಷ್ಟೋ ವರ್ಷವಾಯಿತು. ವೆಸ್ಟ್ ಮಾಂಬಲಂಗೆ ಸೊಸೆಯಾಗಿ ಬಂದು, ತರಕಾರಿಯವನಿಂದ ಹಿಡಿದು ದೇವಸ್ಥಾನದ ಅರ್ಚಕರ ತನಕ ಎಲ್ಲರ ಜೊತೆಗೂ ತಮಿಳಿನಲ್ಲೇ ಜಗಳವಾಡಿ ಗೆದ್ದವಳು ನಾನು. ಆದರೆ ಒಂದು ಸಲ, ಒಂದೇ ಒಂದು ಸಲ, ಕ್ರೋಂಪೇಟೆಯ ತಂಗಿ ಪದ್ಮನ ಮನೆಗೆ ಹೊರಟವಳು ಫಾಸ್ಟ್ ಟ್ರೇನು ಹತ್ತಿ ಚೆಂಗಲ್ಪಟ್ಟು ಸೇರಿಬಿಟ್ಟೆ. ಊರು ಚೆನ್ನಾಗಿಯೇ ಇತ್ತು, ಕಾಫಿಯೂ ಪರವಾಗಿರಲಿಲ್ಲ. ಸೊಸೆ ಸುಧಾ ಮಾತ್ರ ಅವತ್ತೇ ಕಾನೂನು ಹೊರಡಿಸಿದಳು: "ಇನ್ಮೇಲೆ ಅಮ್ಮ ತನಿಯಾ, ಒಬ್ರೇ, ಎಲ್ಲೂ ಹೋಗೋ ಹಾಗಿಲ್ಲ. ಅಪ್ಪ ಜೊತೇಲಿ ಹೋಗ್ಲಿ." ಅಪ್ಪ ಎಂದರೆ ನಮ್ಮ ಯಜಮಾನರು. ಪ್ರತಿ ಪೇಪರ್ ಅಂಗಡಿಯ ಮುಂದೂ ನಿಂತು, ತೂಗುಹಾಕಿದ ತಲೆಬರಹಗಳನ್ನೆಲ್ಲ ಓದಿ, ದೇಶದ ಸ್ಥಿತಿಗೆ ಮರುಗಿ, ಆಮೇಲೆ ಮುಂದಿನ ಹೆಜ್ಜೆ ಇಡುವವರು. ಅವರ ಜೊತೆ ಹೊರಟರೆ ಪದ್ಮನ ಮನೆಯ ಉಪ್ಪಿಟ್ಟು ಆರಿ ಕಲ್ಲಾಗಿರುತ್ತದೆ.

ಆ ಹೊತ್ತಿಗೆ ಸರಿಯಾಗಿ ಸ್ಟೇಷನ್ನಿಗೆ ಟಿಕೆಟ್ ಮಿಷನ್ನು ಬಂತು. ಮಗ ರಘು ನನಗೊಂದು ಸ್ಮಾರ್ಟ್ ಕಾರ್ಡು ತಂದುಕೊಟ್ಟ. "ಉಜ್ಜೋದು ಬೇಡ, ತೂರಿಸೋದು ಬೇಡ, ಮುಟ್ಟಿಸಲೂ ಬೇಕಾಗಿಲ್ಲಮ್ಮಾ. ಸುಮ್ನೆ ಮಿಷನ್ ಮೇಲಿಡು, ಅದೇ ತಿಳ್ಕೊಳ್ಳತ್ತೆ. ಕ್ಯೂನೇ ಇಲ್ಲ!" ಎಂದ. ಕಾರ್ಡನ್ನು ಸುಮ್ಮನೆ ಇಡಬೇಕಂತೆ. ಆಮೇಲೆ ಪರದೆಯನ್ನು ಏಳು ಸಲ ಒತ್ತಬೇಕಂತೆ. ಕೊನೆಗೆ ಹೊರಗೆ ಬರುವುದು ಅದೇ ಹಳೆಯ ಕಾಗದದ ಟಿಕೆಟ್ಟು. ನಮ್ಮತ್ತೆ ಮಡಿಯುಟ್ಟು ಯಾರನ್ನೂ ಮುಟ್ಟದೆ ಇಡೀ ಸಂಸಾರ ನಡೆಸಿದರು. ಅವರನ್ನು ಒಬ್ಬರಾದರೂ ಸ್ಮಾರ್ಟ್ ಅಂದರೇ? ಇರಲಿ. ಕಾರ್ಡಿನ ಮೇಲೆ ಸುಧಾಳಿಗೆ ಭಾರಿ ಭಕ್ತಿ. ಅವಳೇ ಷರತ್ತು ಹಾಕಿದಳು: ನವರಾತ್ರಿಯ ಕೊನೆಗೆ ಪದ್ಮನ ಗೊಂಬೆ ನೋಡಿ ತಾಂಬೂಲ ತರಲು ನಾನೊಬ್ಬಳೇ ಈ ಕಾರ್ಡಿನಲ್ಲಿ ಟಿಕೆಟ್ ತೆಗೆದು ಹೋಗಿಬಂದರೆ ಕಾನೂನು ರದ್ದು. ಎಡವಿದರೆ ಸಾಯುವ ತನಕ ಯಜಮಾನರೇ ಗತಿ.

ನಾನು ಹೊರಡಬೇಕಾದ ದಿನವೇ ಸರಸ್ವತಿ ಪೂಜೆ. ನಮ್ಮವರು ಬೆಳಿಗ್ಗೆ ಪುಸ್ತಕ, ಕತ್ತರಿ, ಈಳಿಗೆಮಣೆಗಳನ್ನೆಲ್ಲ ಜೋಡಿಸುವಾಗ ನಾನು ಹೆಮ್ಮೆ ತಾಳಲಾರದೆ ಕಾರ್ಡಿಗೂ ಗಂಧ ಹಚ್ಚಿ ಮೇಲಿಟ್ಟೆ. ಮಂಗಳಾರತಿ ಆದಮೇಲೆ ಹೊಳೆಯಿತು: ಪೂಜೆಗೆ ಕೂತದ್ದನ್ನು ಮರುದಿನ ಪುನಃಪೂಜೆ ಆಗುವ ತನಕ ಮುಟ್ಟುವಂತಿಲ್ಲ! ಈ ನಿಯಮವನ್ನು ಮನೆಯವರಿಗೆಲ್ಲ ಗದರಿಸಿ ಗದರಿಸಿ ಕಲಿಸಿದವಳು ನಾನೇ. ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದಾಗ ಸರಸ್ವತಿಗೆ ಕೈಮುಗಿದು, "ತಾಯಿ, ಕಣ್ಮುಚ್ಚು" ಎಂದು ಕಾರ್ಡನ್ನೆತ್ತಿ ಸ್ಟೀಲಿನ ಕುಂಕುಮದ ಡಬ್ಬಿಯೊಳಗೆ ಬಚ್ಚಿಟ್ಟೆ. ತಾಯಿ ಮುಚ್ಚಿದಳು, ಮೊಮ್ಮಗಳು ಅನು ಮುಚ್ಚಲಿಲ್ಲ.

"ಪಾಟಿ! ನಾಳೈಕ್ಕುದಾನೇ ಎಡುಕ್ಕಣುಂ?"

"ಮೆಲ್ಲಗೆ ಮಾತಾಡೇ. ನಾಳೇನೇ ತೆಗೀಬೇಕು, ಗೊತ್ತು. ನಿಂಗೇನು ಬೇಕು ಹೇಳು."

"ಮ್ಯಾತ್ಸ್ ಬುಕ್ ಇನ್ನೂ ಟೂ ಡೇಸ್ ಸಾಮಿ ಹತ್ರಾನೇ ಇರಲಿ."

ಗಣಿತಕ್ಕೆ ಎರಡು ದಿನ ಹೆಚ್ಚಿಗೆ ಪೂಜೆ ಮಂಜೂರು ಮಾಡಿ ಹೊರಟೆ.

ಸ್ಟೇಷನ್ನಿನಲ್ಲಿ ಕೌಂಟರಿನ ಕ್ಯೂ ಮೆಟ್ಟಿಲ ತನಕ ಬೆಳೆದಿತ್ತು. ಮಿಷನ್ನಿನ ಮುಂದೆ ಒಂದು ನರಪಿಳ್ಳೆಯಿಲ್ಲ. ನಾನು ಗತ್ತಿನಿಂದ ಹೋಗಿ ಡಬ್ಬಿಯನ್ನು ಅದರ ಮೇಲಿಟ್ಟೆ. ಮಿಷನ್ನು ತುಟಿ ಬಿಚ್ಚಲಿಲ್ಲ. ತಿರುಗಿಸಿಟ್ಟೆ, ಬೋರಲಿಟ್ಟೆ. ಇಡೀ ಕ್ಯೂ ನನ್ನನ್ನೇ ನೋಡುತ್ತಿತ್ತು. ಸಮಯ ಉಳಿಸುವುದು ಹೇಗೆಂದು ಕಲಿಯುತ್ತಿದ್ದರೇನೋ! ಕ್ಯೂನಲ್ಲಿದ್ದ ಹೂವಿನವಳು ತಡೆಯಲಾರದೆ, "ಮಾಮಿ, ಡಬ್ಬಾವೆ ತೊರಂದು ವೈಯುಂಗೊ" ಎಂದಳು.

"ತೊಡವೇ ವೇಂಡಾಮಾಂ! ಅಪ್ಪುರಂ ಎದುಕ್ಕು ತೊರಕ್ಕಣುಂ?" ಎಂದು ರೇಗಿದೆ. ಮುಟ್ಟುವುದೇ ಬೇಡವೆಂದ ಮೇಲೆ ಡಬ್ಬಿ ತೆರೆಯುವುದೇಕೆ, ನೀವೇ ಹೇಳಿ? ಸ್ಟೀಲು ಅಡ್ಡ ಬಂದರೆ ಆ ಮಹಾಬುದ್ಧಿವಂತ ಕಾರ್ಡು ಮಿಷನ್ನಿಗೆ ಕಾಣಿಸುವುದೇ ಇಲ್ಲವೆಂದು ನಮ್ಮ ರಘು ಹೇಳಿರಲಿಲ್ಲ. ಸಿಟ್ಟಿನಲ್ಲಿ ಮುಚ್ಚಳ ಕಿತ್ತೆ. ಕುಂಕುಮವೆಲ್ಲ ಮಿಷನ್ನಿನ ಮೇಲೆ ಚೆಲ್ಲಿತು, ಜೊತೆಗೇ ಕಾರ್ಡೂ ಬಿತ್ತು. ಪರದೆ ಬೆಳಗಿತು! ಹೂವಿನವಳು "ತಾಯೇ!" ಎಂದು ಬಂದು ಮಿಷನ್ನಿನಿಂದಲೇ ಕುಂಕುಮ ತೆಗೆದು ಹಣೆಗಿಟ್ಟುಕೊಂಡಳು. ಅವಳ ಹಿಂದೆಯೇ ಇನ್ನೂ ನಾಲ್ವರು ಸುಮಂಗಲಿಯರು. ಈಗ ಮಿಷನ್ನಿನ ಮುಂದೆಯೂ ಕ್ಯೂ. ನಾನು ಕೆಂಪು ಬೆರಳಿನಲ್ಲಿ ಒತ್ತಿ ಒತ್ತಿ, ಅಂತೂ ಕ್ರೋಂಪೇಟೆಗೆ ಟಿಕೆಟ್ಟು ತೆಗೆದೆ. ಹೋಗಿಬರುವುದಕ್ಕೆ, ಒಬ್ಬಳೇ!

ಗೆದ್ದೆನೆಂದು ತಿರುಗಿದರೆ, ಕೌಂಟರಿನ ಕಡೆಯಿಂದ ನಮ್ಮ ಯಜಮಾನರು ಬರುತ್ತಿದ್ದಾರೆ. ಒಂದು ಕೈಯಲ್ಲಿ ಟಿಕೆಟ್ಟು. ಇನ್ನೊಂದರಲ್ಲಿ, ಡಾಕ್ಟರು ಬೇಡವೆಂದು ಸಾರಿ ಹೇಳಿದ್ದ ಬೋಂಡಾ. ಆ ಉದ್ದದ ಕ್ಯೂನಲ್ಲಿ ನಿಂತೂ ಅವರು ನನಗಿಂತ ಮೊದಲು ಟಿಕೆಟ್ ತೆಗೆದು, ತಿಂಡಿಯನ್ನೂ ಅರ್ಧ ಮುಗಿಸಿದ್ದರು!

"ಹಿಂದೆ ಬಿದ್ದು ಬಂದ್ರಾ? ಸುಧಾ ಕಳಿಸಿದ್ಲಾ?" ಎಂದು ಹಲ್ಲು ಕಚ್ಚಿದೆ. "ನಾನು ಒಬ್ಬಳೇ ಹೋಗಿ ಬಂದ್ರೆ ನಿಮಗೇನ್ರೀ ಕಷ್ಟ?"

ಅವರು ಬೋಂಡಾದ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡು ಸಾವಕಾಶವಾಗಿ ಹೇಳಿದರು: "ನೀನು ಒಬ್ಬಳೇ ಓಡಾಡೋದು ಕಲಿತುಬಿಟ್ರೆ, ಆಮೇಲೆ ನನ್ನನ್ನ ಯಾರೇ ಮನೆಯಿಂದ ಹೊರಗೆ ಬಿಡ್ತಾರೆ?"