ಚಾಕೊಲೇಟನ್ನು ಬಿಸಿಲಿಗೆ ಹರವಿದ ಬಗ್ಗೆ

ಸಂಖ್ಯೆ: ಕೋಕೋ/ರುಚಿ/17/ಭಾಗ-3

ವಿಷಯ: ಕೋಕೋ ಬೆಳೆಗಾರರು ತಮಗೆ ನೀಡಲಾದ ಚಾಕೊಲೇಟನ್ನು ಒಣಗಿಸಿರುವ ಬಗ್ಗೆ ಹಾಗೂ ಇನ್ನು ಮುಂದೆ ತಿನ್ನಬೇಕಾದ ಕ್ರಮದ ಬಗ್ಗೆ.

ಉಲ್ಲೇಖ: 1. ಹಿರಿಯ ಬೆಳೆಗಾರ್ತಿಯೊಬ್ಬರ ಅರ್ಜಿ.
2. ಸದರಿಯವರ ನೆನಪೋಲೆ.
3. ಸದರಿಯವರು ಖುದ್ದಾಗಿ ಬಂದು ಕಚೇರಿಯ ಬೆಂಚಿನ ಮೇಲೆ ಕುಳಿತಿರುವುದು.

ವರ್ಷಗಟ್ಟಲೆ ಕೋಕೋ ಬೆಳೆದರೂ ಚಾಕೊಲೇಟಿನ ರುಚಿ ಕಾಣದ ಬೆಳೆಗಾರರಿಗೆ ಇಲಾಖೆಯ ಸುವರ್ಣ ಮಹೋತ್ಸವದಂದು ತಲಾ ಒಂದು ತುಂಡು ವಿತರಿಸಲಾಗಿತ್ತು. ಕೋಕೋ ಬೀಜವನ್ನು ಬೆರಳಿನಿಂದ ಒತ್ತಿ, ಮೆತ್ತಗಿದ್ದರೆ ಮತ್ತೆ ಒಣಗಲು ಹಾಕುವುದು ಇವರ ರೂಢಿ. ಅದರಂತೆ ಚಾಕೊಲೇಟನ್ನೂ ಒತ್ತಿ ನೋಡಿ, ಇನ್ನೂ ಹಸಿಯಿದೆ ಎಂದು ತೀರ್ಮಾನಿಸಿ, ಎಲ್ಲರೂ ಅಂಗಳದ ಚಾಪೆಯ ಮೇಲೆ ಹರವಿರುತ್ತಾರೆ. ಮಧ್ಯಾಹ್ನದೊಳಗೆ ಎರಡು ಸಲ ಮಗುಚಿಯೂ ಇರುತ್ತಾರೆ. ತದನಂತರ ಯಾವುದು ಯಾರದೆಂದು ಗುರುತಿಸಲು ಸಾಧ್ಯವಾಗಿರುವುದಿಲ್ಲ.

ವಿಚಾರಣೆಯಲ್ಲಿ ಹಿರಿಯ ಬೆಳೆಗಾರ್ತಿಯ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಒಣಗ್ಸಿ ಒಣಗ್ಸಿ ಅಂತ ನಲವತ್ತು ವರ್ಷ ಪ್ರಾಣ ತಿಂದ್ರಿ ಸಾರ್. ಒಣಗ್ಸಿದ್ರೆ ಈಗ ನನ್ನೇ ಬೈತೀರಾ? ಇನ್ನೊಂದು ಕೊಡಿ. ಸಾಯೋದ್ರೊಳಗೆ ಒಂದ್ಸಲ ಅದ್ರಲ್ಲಿ ಏನಿದೆ ಅಂತ ನೋಡ್ಬಿಡ್ತೀನಿ.”

ಆದುದರಿಂದ ಸಂಬಂಧಪಟ್ಟ ಎಲ್ಲ ಬಾಯಿಗಳಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಚಾಕೊಲೇಟನ್ನು ಒಣಗಿಸತಕ್ಕದ್ದಲ್ಲ.

2. ತಿನ್ನುವ ಮೊದಲು ಮೂಸಿ ಹುಳಿ ಬಂದಿದೆಯೇ ಎಂದು ನೋಡುವುದು, ಕತ್ತರಿಸಿ ಒಳಗಿನ ಬಣ್ಣ ಪರೀಕ್ಷಿಸುವುದು ಹಾಗೂ ಇದು ಯಾರ ತೋಟದ್ದೆಂದು ಅಕ್ಕಪಕ್ಕದವರನ್ನು ಕೇಳಿ ಜಗಳ ಹಚ್ಚುವುದನ್ನು ನಿಷೇಧಿಸಿದೆ.

3. ಕೋಕೋ ಹಣ್ಣಿನ ತಿರುಳು ಚೀಪುವಂತೆ ಚೀಪಿ, ಬೀಜ ಉಗಿಯಲು ಕಾಯುತ್ತ ಕೂರತಕ್ಕದ್ದಲ್ಲ. ಇದರಲ್ಲಿ ಬೀಜವಿರುವುದಿಲ್ಲ. ತಿಂದದ್ದೇ ಬೀಜವೆಂದು ತಿಳಿದು ಗಾಬರಿಯಾದವರಿಗೆ ಮೇಲ್ವಿಚಾರಕರು ನೀರು ಕೊಟ್ಟು ಬೆನ್ನು ಸವರತಕ್ಕದ್ದು.

4. ಬಾಯಿ ಚಪ್ಪರಿಸುವುದನ್ನು ಲಿಖಿತ ಅಭಿಪ್ರಾಯವೆಂದು ಪರಿಗಣಿಸಲಾಗುವುದಿಲ್ಲ.

5. ಕರಗಿದ ಚಾಕೊಲೇಟ್ ಅಂಟಿದ ಚಾಪೆಯು ಇಲಾಖೆಯ ಸ್ವತ್ತಾಗಿದ್ದು, ಅದನ್ನು ಯಾರೂ ನೆಕ್ಕತಕ್ಕದ್ದಲ್ಲ. ಈಗಾಗಲೇ ನೆಕ್ಕಿರುವ ಮೇಕೆಗೆ ಕಾರಣ ಕೇಳಿ ನೋಟಿಸ್ ನೀಡಲಾಗಿದ್ದು, ಅದು ನೋಟಿಸನ್ನೂ ತಿಂದು ಹಾಕಿರುತ್ತದೆ.

6. ಹಿರಿಯ ಬೆಳೆಗಾರ್ತಿಯ ಕೋರಿಕೆಯನ್ನು ವಿಶೇಷ ಪ್ರಕರಣವೆಂದು ಪರಿಗಣಿಸಿ, ದಾಸ್ತಾನಿನಲ್ಲಿ ಉಳಿದಿದ್ದ ಒಂದೇ ಒಂದು ತುಂಡನ್ನು ಸಂತೋಷದಿಂದ ಮಂಜೂರು ಮಾಡಿದೆ. ಸದರಿ ತುಂಡು ಕಡತದ ಜೊತೆಗೆ ಗುಮಾಸ್ತರಿಂದ ಅಧೀಕ್ಷಕರಿಗೆ, ಅಧೀಕ್ಷಕರಿಂದ ನಮಗೆ ಕ್ರಮಬದ್ಧವಾಗಿ ಸಾಗಿಬಂದಿದ್ದು, ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಪರಿಶೀಲಿಸಲಾಗಿದೆ.

ಸಹಿ/- (ಕಂದು ಹೆಬ್ಬೆಟ್ಟಿನ ಗುರುತು ಆಕಸ್ಮಿಕ)
ಉಪನಿರ್ದೇಶಕರು (ರುಚಿ)

ಪ್ರತಿಗಳು:
1. ಎಲ್ಲ ಒಣಗಿಸುವ ಅಂಗಳಗಳ ಮೇಲ್ವಿಚಾರಕರಿಗೆ.
2. ಮೇಕೆಯ ಮಾಲೀಕರಿಗೆ, ಈ ಪ್ರತಿಯನ್ನು ಎತ್ತರದಲ್ಲಿ ಇಡುವ ಷರತ್ತಿನ ಮೇರೆಗೆ.
3. ಹಿರಿಯ ಬೆಳೆಗಾರ್ತಿಗೆ, ಬೆಂಚಿನ ವಿಳಾಸಕ್ಕೆ. ಲಗತ್ತು: ಹೊಳೆಯುವ ಕಾಗದ ಒಂದು. ಒಳಗಿನದು ಪರಿಶೀಲನೆಯಲ್ಲಿ ಮುಗಿದಿರುತ್ತದೆ. ತುಂಬಾ ಚೆನ್ನಾಗಿತ್ತೆಂದು ಅವರಿಗೆ ತಿಳಿಸತಕ್ಕದ್ದು.