ಕಂಪ್ಲಿಗೆ ಸೈಕಲ್ ಮೇಲೆ ಹೋದ ಸುದ್ದಿ

೧. ಹೊಸಪೇಟೆ

ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದೆ. ಎದುರು ಮನೆಯ ಆಚಾರ್ಯರ ತಂಗಿ ಬಂದು ನಿಂತರು. ನಮ್ಮ ಓಣಿಯಲ್ಲಿ ಸೈಕಲ್ ಇದ್ದದ್ದು ನನಗೊಬ್ಬನಿಗೇ. ಸಾಯುವವರಿಗೆಲ್ಲ ಅದು ಗೊತ್ತಿತ್ತು.

"ಅಣ್ಣ ನೀರೂ ಒಲ್ಲೆ ಅನ್ಲಿಕತ್ತಾನ," ಎಂದರು. "ಪಂಡಿತರು ನಾಡಿ ನೋಡಿದ್ರು. ಇವತ್ತಿನ ಸಂಜಿ ದಾಟೋದು ಕಷ್ಟ ಅಂದ್ರು. ಕಂಪ್ಲಿಗೆ ಹೋಗಿ ನಮ್ಮ ತಮ್ಮನ್ನ ಕರ್ಕೊಂಡು ಬರ್ರಿ."

ಆಚಾರ್ಯರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ತಮ್ಮನೊಬ್ಬ ಇದ್ದ. ಅಣ್ಣತಮ್ಮಂದಿರಿಗೆ ಎಷ್ಟೋ ವರ್ಷದಿಂದ ಮಾತಿಲ್ಲ.

"ತಂತಿ ಕೊಡ್ರಿ," ಎಂದೆ.

"ತಂತಿ ಕಂಡ್ರ ಹೋದಾ ಅಂತನ ತಿಳೀತಾರ. ಇನ್ನೂ ಉಸಿರದ. ತಂತಿ ಬ್ಯಾಡ."

ಬಸ್ಸಿನ ಮಾತು ಇಬ್ಬರೂ ಎತ್ತಲಿಲ್ಲ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು. ಹೊರಟ ದಿನ ಹೊರಟವು.

ಒಳಗೆ ಆಚಾರ್ಯರು ಚಾಪೆಯ ಮೇಲಿದ್ದರು. ಮುಖ ಬತ್ತಿತ್ತು. ನನ್ನನ್ನು ಹತ್ತಿರ ಕರೆದರು.

"ಒಮ್ಮೆ ಅವನ ಮಾರಿ ನೋಡಬೇಕು," ಎಂದರು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, "ನಾ ಕರದೆ ಅಂತ ಮಾತ್ರ ಹೇಳಬ್ಯಾಡ. ತಾನಾಗೇ ಬಂದಂಗ ಬರಲಿ," ಎಂದರು.

ಹೊರಗೆ ಜಗಲಿಯ ಮೇಲೆ ದೂರದ ದಾಯಾದಿಯೊಬ್ಬ ಕೂತಿದ್ದ. ತಮ್ಮ ಬಾರದಿದ್ದರೆ ಕೊಳ್ಳಿ ಇಡುವವನು ಅವನೇ.

"ಊಟ ಆಯ್ತೇನ್ರಿ?" ಎಂದೆ. ಬೆಳಗಿನ ಹೊತ್ತಿಗೆ ಕೇಳುವ ಮಾತಲ್ಲ. ಅವನ ಬಾಯಲ್ಲಿ ಎಲೆ ಅಡಿಕೆ ಇತ್ತು, ಅದಕ್ಕೆ ಕೇಳಿದೆ.

"ಎರಡು ಸಲ ಆತು," ಎಂದ. "ಅವರು ಹೋದ ಮ್ಯಾಲೆ ಸುಡೋತನಕ ಉಣ್ಣಂಗಿಲ್ಲ ನೋಡ್ರಿ."

೨. ಕಮಲಾಪುರ

ಕಮಲಾಪುರದಲ್ಲಿ ಆಚಾರ್ಯರ ದೊಡ್ಡಪ್ಪನ ಮಗನ ಮನೆ. ದಾರಿಯಲ್ಲೇ ಇದೆ, ಒಂದು ಮಾತು ಹೇಳಿ ಹೋಗಿ ಎಂದಿದ್ದರು ತಂಗಿ. ಅಲ್ಲಿ ಅಂದು ಮೊಮ್ಮಗನ ನಾಮಕರಣ. ಚಪ್ಪರ ಹಾಕಿತ್ತು. ಮೊದಲ ಪಂಕ್ತಿ ಎದ್ದಿತ್ತು, ಎರಡನೆಯದಕ್ಕೆ ಎಲೆ ಹಾಕುತ್ತಿದ್ದರು.

ಯಜಮಾನ ನನ್ನನ್ನು ದೂರದಿಂದಲೇ ನೋಡಿದ. ಹೊಸಪೇಟೆಯಿಂದ ಒಬ್ಬನೇ, ಸೈಕಲ್ ಮೇಲೆ, ಬೆವರಿಳಿಸಿಕೊಂಡು ಬಂದಿದ್ದೇನೆ. ಅಷ್ಟು ಸಾಕಾಯಿತು. ಎರಡೂ ಕೈ ಚಾಚಿಕೊಂಡು ಓಡಿ ಬಂದ.

"ನಿಲ್ರಿ! ಅಲ್ಲೇ ನಿಲ್ರಿ! ಬಾಯಿ ತೆರೀಬ್ಯಾಡ್ರಿ!"

ಆಚಾರ್ಯರ ಜನರಲ್ಲಿ ಸೂತಕ ಹಿಡಿಯುವುದು ಕಿವಿಯಿಂದ. ದಾಯಾದಿ ಸತ್ತ ಸುದ್ದಿ ಕೇಳಿದ ಕ್ಷಣ ಒಲೆ ಆರಿಸಬೇಕು, ತಲೆಯ ಮೇಲೆ ನೀರು ಹೊಯ್ದುಕೊಳ್ಳಬೇಕು, ಶುಭಕಾರ್ಯ ನಿಲ್ಲಿಸಬೇಕು. ಕೇಳುವವರೆಗೆ ಏನೂ ಇಲ್ಲ.

"ಇನ್ನೂ..." ಎಂದೆ.

"ಇನ್ನೂ ಅನ್ನೋದೂ ಬ್ಯಾಡ," ಎಂದು ಕಿವಿ ಮುಚ್ಚಿಕೊಂಡ. "ನಿಮ್ಮ ಕಾಲಿಗೆ ಬೀಳ್ತೀನಿ. ಒಳಗ ಹೋಳಿಗಿ ಬೇಯ್ಲಿಕತ್ತಾವ. ಬೀಗರು ಎಲಿ ಮುಂದ ಕೂತಾರ. ಕಡೀ ಪಂಕ್ತಿ ಏಳ್ಲಿ, ಆಮ್ಯಾಲ ಎಷ್ಟು ಬೇಕಾದ್ರೂ ಹೇಳ್ರಿ. ಕೂತು ಕೇಳ್ತೀನಿ."

ಕೈ ಬೀಸಿ ಅಲ್ಲ ಎಂದು ತೋರಿಸಿದೆ. ಆತ ಕಣ್ಣನ್ನೂ ಮುಚ್ಚಿಕೊಂಡ.

ನಾನು ಸೈಕಲ್ ತಿರುಗಿಸಿದೆ. ಆತನಿಗೆ ಇನ್ನೂ ಧೈರ್ಯ ಬರಲಿಲ್ಲ. ಊರೊಳಗೆ ಯಾರ ಹತ್ತಿರವಾದರೂ ಹೇಳಿಬಿಟ್ಟೇನು ಎಂಬ ಭಯ. ಎಲೆಯಲ್ಲಿ ಎರಡು ಹೋಳಿಗೆ ಸುತ್ತಿಸಿ ತಂದು, ದೂರದಿಂದಲೇ ಕೊಟ್ಟ.

"ತಿನಕೋತ ಹೋಗ್ರಿ," ಎಂದ. "ಬಾಯಿ ತುಂಬಿರ್ಲಿ."

೩. ಬಂಗಲೆಯ ಮುಂದೆ

ಹಂಪಿ ನೋಡಲು ಬಂದ ದೊರೆಗಳು ಇಳಿದುಕೊಳ್ಳುವ ಬಂಗಲೆ ಆ ಊರಿನಲ್ಲೇ ಇತ್ತು. ಒಬ್ಬ ದೊರೆ ರಸ್ತೆಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ. ಹಾಳು ಮಂಟಪ, ಅದರ ಮುಂದೆ ಸೈಕಲ್ಲಿನವನು. ಅವನಿಗೆ ಅದು ಬೇಕಾಗಿತ್ತು. ಬಟ್ಲರ್ ನನ್ನ ಹ್ಯಾಂಡಲ್ ಹಿಡಿದುಕೊಂಡ. ಆ ಕಾಲದಲ್ಲಿ ದೊರೆ ನಿಲ್ಲು ಅಂದರೆ ನಿಲ್ಲಬೇಕು. ನಿಂತೆ.

"ದೊರೆ ಸ್ವಲ್ಪ ನಗು ಅಂತಾರ," ಎಂದ ಬಟ್ಲರ್.

ನಾನು ನಗಲಿಲ್ಲ. ದೊರೆ ಮತ್ತೆ ಹೇಳಿಸಿದ. ಆಗಲೂ ನಗಲಿಲ್ಲ. ಬಟ್ಲರ್ ದೊರೆಯ ಕಡೆ ತಿರುಗಿ, ಇವನ ಮುಖವೇ ಹೀಗೆ, ಇದಕ್ಕಿಂತ ಒಳ್ಳೆಯದು ಬರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ.

ಅಷ್ಟು ಇಂಗ್ಲಿಷು ನನಗೆ ಬರುತ್ತಿತ್ತು.

೪. ಏರಿನಲ್ಲಿ

ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಹಿಂದಿನ ಗಾಲಿ ಪಂಚರ್. ಯುದ್ಧದಲ್ಲಿ ಹೊಸ ಟೈರು ಸಿಗುತ್ತಿರಲಿಲ್ಲ. ಹಳೆಯ ಟೈರಿನ ತೂತಿಗೆ ಒಳಗಿನಿಂದ ಚಪ್ಪಲಿಯ ಚರ್ಮ ಇಟ್ಟು ಓಡಿಸುತ್ತಿದ್ದೆವು. ಬಾಳೆಯ ತೋಟದ ಪಕ್ಕ ಕೂತು ತೇಪೆ ಹಾಕಿದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಮನುಷ್ಯರು ಸಾಯುವುದಕ್ಕೆ ಇಂಥ ದಿನವನ್ನೇ ಯಾಕೆ ಆರಿಸುತ್ತಾರೋ.

ಎದ್ದು ಹೊರಡುವಷ್ಟರಲ್ಲಿ ಕಂಪ್ಲಿಯ ಬಸ್ಸು ಹೊಗೆ ಕಾರುತ್ತ ಬಂತು. ಅಂದು ಹೊರಟಿತ್ತು. ನನ್ನ ಮುಂದಿನ ಏರಿಗೆ ಬಂದು ನಿಂತುಬಿಟ್ಟಿತು. ಜನರೆಲ್ಲ ಇಳಿದು ತಳ್ಳತೊಡಗಿದರು. ಕಂಡಕ್ಟರ್ ನನ್ನನ್ನೂ ಕರೆದ.

ತಳ್ಳಿದೆ. ನನ್ನ ಪಕ್ಕ ಭುಜ ಕೊಟ್ಟವನು ಕಮಲಾಪುರದ ನಾಮಕರಣದಲ್ಲಿ ಮೊದಲ ಪಂಕ್ತಿಯಲ್ಲಿ ಉಂಡು ಬಂದವನು. ಯಜಮಾನ ಕಿವಿ ಮುಚ್ಚಿಕೊಂಡದ್ದನ್ನು ಕಂಡಿದ್ದ. ಆಚಾರ್ಯರ ಮನೆತನದವನಲ್ಲ. ಅವನಿಗೆ ಸೂತಕದ ಹೆದರಿಕೆ ಇರಲಿಲ್ಲ.

"ಆಚಾರ್ರು ರಾತ್ರಿ ಹೋದ್ರೋ, ಬೆಳಿಗ್ಗೆ ಹೋದ್ರೋ?" ಎಂದ.

ಅಷ್ಟರಲ್ಲಿ ಎಂಜಿನ್ನಿಗೆ ಜೀವ ಬಂತು. ನಿಂತರೆ ಮತ್ತೆ ಹೊರಡುವ ಬಸ್ಸಲ್ಲ ಅದು. ಎಲ್ಲರೂ ಓಡಿ ಹತ್ತಿದರು. ಅವನೂ ಓಡಿ ಹತ್ತಿದ. "ಹೇಳ್ತೀನಿ ಬಿಡ್ರಿ, ತಮ್ಮನ ಮನಿ ನಂಗ ಗೊತ್ತದ!" ಎಂದು ಕಿಟಕಿಯಿಂದ ಕೂಗಿದ.

ಬದುಕಿದ್ದವರನ್ನು ಸಾಯಿಸಿದ ಬಸ್ಸನ್ನು ನಾನೇ ತಳ್ಳಿ ಕಳಿಸಿದೆ.

೫. ಕಂಪ್ಲಿಯ ಹೊಳೆಯಲ್ಲಿ

ಕಂಪ್ಲಿ ಮುಟ್ಟಿದಾಗ ತಮ್ಮನ ಮನೆಯಲ್ಲಿ ಹೆಂಗಸರು ಅಳುತ್ತಿದ್ದರು. ಅವನು ಹೊಳೆಗೆ ಹೋಗಿದ್ದಾನೆ ಎಂದರು. ಹೊಳೆಗೆ ಹೋದೆ.

ತಮ್ಮ ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಮೇಸ್ತ್ರಿಯಾಗಿದ್ದವನು. ಕೂಲಿಯವರನ್ನು ಹೆದರಿಸಲು ಅಲ್ಲಿ ಒಂದು ಮೀಸೆ ಬೆಳೆಸಿದ್ದ. ಪೂಜೆ ಮಾಡಿಕೊಂಡು ಬಂದ ಆ ಮನೆತನದಲ್ಲಿ ಅಂಥದ್ದು ಬೇರೆ ಯಾರಿಗೂ ಇರಲಿಲ್ಲ. ಕೆಲಸವನ್ನು ಮುಂಚೆಯೇ ಮುಗಿಸಿಡುವುದೂ ಗಣಿಯಲ್ಲಿ ಕಲಿತದ್ದೇ. ಅಣ್ಣನ ಕ್ರಿಯೆ ತಾನೇ ಮಾಡಬೇಕು, ಹೊಸಪೇಟೆಗೆ ಹೋಗಿ ಕ್ಷೌರಿಕನನ್ನು ಹುಡುಕುವುದೇಕೆ ಎಂದು ಕಲ್ಲಿನ ಮೇಲೆ ಕೂತು ತಲೆ ಕೊಟ್ಟಿದ್ದ. ಅರ್ಧ ತಲೆ ಮುಗಿದಿತ್ತು. ಅರ್ಧ ಮೀಸೆಯೂ ಹೋಗಿತ್ತು.

"ಇನ್ನೂ ಇದ್ದಾರ್ರೀ," ಎಂದೆ.

ಕ್ಷೌರಿಕ ಕತ್ತಿ ಕೆಳಗಿಟ್ಟ. ತಮ್ಮ ನನ್ನನ್ನೇ ನೋಡಿದ. ಎಡಗಡೆಯಿಂದ ಗಣಿಯ ಮೇಸ್ತ್ರಿ, ಬಲಗಡೆಯಿಂದ ಸೂತಕದವನು.

"ಖರೇನ?"

"ನಾ ಹೊರಟಾಗ ಇದ್ರು. ಸಂಜಿತನಕ ಅಂತ ಪಂಡಿತರು ಅಂದಾರ. ಜಲ್ದಿ ಏಳ್ರಿ."

"ಉಳಿದದ್ದು ತೆಗಿಯೋ," ಎಂದ ತಮ್ಮ ಕ್ಷೌರಿಕನಿಗೆ.

"ಆಗಂಗಿಲ್ರಿ ಸ್ವಾಮೇರ," ಎಂದ ಅವನು. "ಅಣ್ಣಾರು ಬದುಕ್ಯಾರಂತ. ಬದುಕಿದ್ದವರಿಗೆ ಸತ್ತವರ ಕ್ಷೌರ ಮಾಡಿದ್ರ ನನ್ನ ಕೈಗೆ ಪಾಪ."

"ಅರ್ಧ ಮಾಡೀಯಲ್ಲೋ!"

"ಆ ಅರ್ಧ ಮಾಡೋವಾಗ ಅವರು ಸತ್ತಿದ್ರಲ್ರಿ."

ಹೊತ್ತು ಇಳಿಯುತ್ತಿತ್ತು. ಕಡೆಗೆ ತಮ್ಮನೇ ಕತ್ತಿ ತೆಗೆದುಕೊಂಡು, ಹೊಳೆಯ ನೀರಿನಲ್ಲಿ ಮುಖ ನೋಡಿಕೊಂಡು, ಉಳಿದ ಮೀಸೆ ತೆಗೆದ. ಅದನ್ನು ನೋಡಲಾರದೆ ಕ್ಷೌರಿಕ ತಲೆಯನ್ನು ತಾನೇ ಮುಗಿಸಿಕೊಟ್ಟ.

"ಪಾಪ ಹೋತೇನು?" ಎಂದ ತಮ್ಮ.

"ಅರ್ಧ ನಿಮಗ, ಅರ್ಧ ನನಗ," ಎಂದ ಕ್ಷೌರಿಕ.

೬. ಹಿಂದಿನ ಸೀಟು

ಬಸ್ಸು ಮುಂದೆ ಎಮ್ಮಿಗನೂರಿನ ಕಡೆ ಹೋಗಿಬಿಟ್ಟಿತ್ತು. ತಮ್ಮನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತುಳಿದೆ. ಭಾರದ ಆಳು. ಊರು ದಾಟಿದ ಮೇಲೆ ಬೆನ್ನ ಹಿಂದಿನಿಂದ ಕೇಳಿದ:

"ಅವನಾಗೇ ಕರದನೇನು?"

ಆಚಾರ್ಯರ ಮಾತು ನೆನಪಾಯಿತು. "ಇಲ್ಲ," ಎಂದೆ.

"ಹಂಗಾದ್ರ ನಿಲ್ಲಸ್ರಿ."

ಇಳಿದ. ಮೈಲಿಗಲ್ಲಿನ ಮೇಲೆ ಕೂತ. "ಕರೀದ ಮನಿಗೆ ನಾ ಹೋಗಾಂವಲ್ಲ. ಸತ್ತಿದ್ರ ಮಾತು ಬ್ಯಾರೆ. ಸತ್ತವರು ಕರಿಯೂದಿಲ್ಲ."

ಕಬ್ಬಿನ ಹೊಲಗಳ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಅತ್ತ ಅಣ್ಣ ಚಾಪೆಯ ಮೇಲೆ, ಇತ್ತ ತಮ್ಮ ಕಲ್ಲಿನ ಮೇಲೆ. ನಾನು ಸೈಕಲ್ ಹಿಡಿದು ನಿಂತಿದ್ದೆ.

"ಕರದಾರ," ಎಂದೆ.

"ಮತ್ತ ಇಲ್ಲ ಅಂದ್ರಲ್ಲ?"

"ಕರದೆ ಅಂತ ಹೇಳಬ್ಯಾಡ ಅಂದಾರ."

"ಹೂಂ. ಇದು ಅವನದೇ ಮಾತು, ಖರೆ," ಎಂದು ತಮ್ಮ ಎದ್ದು ಬಂದು ಕ್ಯಾರಿಯರ್ ಮೇಲೆ ಕೂತ. "ಜಲ್ದಿ ತುಳೀರಿ."

ಕಮಲಾಪುರದಲ್ಲಿ ನಾಮಕರಣದ ಯಜಮಾನ ರಸ್ತೆಗೇ ಬಂದು ಕಾಯುತ್ತಿದ್ದ. ಹಿಂದೆ ಕೂತ ಬೋಳುತಲೆ ನೋಡಿ ಸಮಾಧಾನವಾಯಿತು. "ಕಡೀ ಪಂಕ್ತಿ ಎದ್ದದ. ಎಲ್ಲಾರಿಗೂ ನೀರು ಕಾಯಿಸೀನಿ," ಎಂದ. "ಈಗ ಹೇಳ್ರಿ."

"ಇನ್ನೂ ಹೋಗಿಲ್ಲ," ಎಂದೆ, ತುಳಿಯುತ್ತಲೇ.

"ಅಯ್ಯ! ಮತ್ತ ಅಷ್ಟು ಕಟ್ಟಿಗಿ ಸುಟ್ಟೆನಲ್ರೀ!" ಎಂದು ಹಿಂದಿನಿಂದ ಕೂಗುತ್ತಿದ್ದ.

೭. ಎದುರು ಮನೆ

ದೀಪ ಹಚ್ಚುವ ಹೊತ್ತಿಗೆ ಹೊಸಪೇಟೆ ಮುಟ್ಟಿದೆವು. ಒಳಗೆ ಅಳು ಕೇಳಲಿಲ್ಲ.

ತಮ್ಮ ಹೋಗಿ ಚಾಪೆಯ ಪಕ್ಕ ನಿಂತ. ತಂಗಿ ದೀಪ ಎತ್ತಿ ಹಿಡಿದರು. ಆಚಾರ್ಯರು ಕಣ್ಣು ಬಿಟ್ಟರು. ಬೋಳುತಲೆ ನೋಡಿದರು. ಮೀಸೆ ಇದ್ದ ಜಾಗ ನೋಡಿದರು. ಗಾಬರಿಯಾಯಿತು.

"ಯಾರು ಹೋದ್ರೋ?" ಎಂದರು.

ಅಷ್ಟು ವರ್ಷದ ಮೇಲೆ ಅಣ್ಣ ಆಡಿದ ಮೊದಲ ಮಾತು. ತಮ್ಮ ತಿರುಗಿ ನಮ್ಮನ್ನೆಲ್ಲ ನೋಡಿದ.

"ನೀನೇ," ಎಂದ.

ಆಚಾರ್ಯರ ಎದೆ ಏರಿಳಿಯಿತು. ಗಂಟಲಲ್ಲಿ ಏನೋ ಸದ್ದಾಯಿತು. ಆಯಿತು ಎಂದು ತಂಗಿ ತುಳಸಿನೀರಿಗೆ ಓಡಿದರು. ಜಗಲಿಯ ಮೇಲಿನ ದಾಯಾದಿ ಎದ್ದು ನಿಂತ. ನಾವು ಬಗ್ಗಿ ನೋಡಿದೆವು. ಆಚಾರ್ಯರು ನಗುತ್ತಿದ್ದರು.

"ಹುಚ್ಚ," ಎಂದರು. "ಸ್ವಲ್ಪ ಕಾಯಬಾರದಿತ್ತೇನೋ?"

ತಂದ ನೀರನ್ನು ತಮ್ಮನ ಕೈಯಿಂದ ಕುಡಿದರು. ರಾತ್ರಿ ಗಂಜಿಯನ್ನೂ ಕುಡಿದರು.

ಮೂರನೆಯ ದಿನ ಬೆಳಗ್ಗೆ ಹೋದರು. ಕ್ರಿಯೆಗೆ ಕೂರುವ ಮೊದಲು ಕರ್ತೃವಿಗೆ ಕ್ಷೌರ ಆಗಲೇಬೇಕು ಎಂದರು ಪುರೋಹಿತರು. ತಮ್ಮನ ತಲೆಯ ಮೇಲೆ ಬೆಳೆದಷ್ಟನ್ನು ಮತ್ತೆ ಬೋಳಿಸಿದರು.